ಎಡಗಡೆಯ ಕಿಟಕಿ

ನಮ್ಮ ಭಾವನನ್ನು ನಿಲ್ದಾಣದಲ್ಲಿ ಎಲ್ಲರೂ ದಾರಿಯಣ್ಣ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ವಿಚಾರಣೆಯ ಕಿಟಕಿಯ ಹಿಂದೆ ಕೂತವರಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಕಿಟಕಿಯ ಒಂದು ಪಕ್ಕ ರೈಲು, ಇನ್ನೊಂದು ಪಕ್ಕ ಬಸ್ಸು. ಎದುರಿಗೆ ಪ್ರಯಾಣಿಕರು ಪೆಟ್ಟಿಗೆ, ಚೀಲ ಇಟ್ಟುಹೋಗುವ ಸಾಮಾನು ಕೋಣೆ. ಅಲ್ಲಿ ಚೀಟಿ ಹರಿದು ಕೊಡುವವಳು ನಾನು. ಮದುವೆ ಗಿದುವೆ ಅಂತ ತಲೆಕೆಡಿಸಿಕೊಂಡವಳಲ್ಲ, ಅಕ್ಕನ ಮನೆಯಲ್ಲೇ ಊಟ, ಅಲ್ಲೇ ವಾಸ. ಹಾಗಾಗಿ ಭಾವನನ್ನು ನಾನು ಹಗಲೂ ನೋಡಿದ್ದೇನೆ, ಸಂಜೆಯೂ ನೋಡಿದ್ದೇನೆ. ಅಷ್ಟು ಒಳ್ಳೆಯವರ ಮೇಲೆ ಅಷ್ಟು ಸಿಟ್ಟು ಬರಬಹುದು ಅಂತ ಮಾತ್ರ ಮೊದಲು ಗೊತ್ತಿರಲಿಲ್ಲ.

ದೇಶ ನೋಡಲು ಬಂದವರು ಇಳಿದ ಕೂಡಲೇ ಆ ಕಿಟಕಿಗೆ ಮುತ್ತುತ್ತಿದ್ದರು. ರೈಲಿನಲ್ಲಿ ಹೋಗಲಾ, ಬಸ್ಸೋ, ಬಾಡಿಗೆ ಕಾರೋ, ವಿಮಾನವೋ? ಭಾವ ಕೇಳುತ್ತಿದ್ದುದು ಮೂರೇ ಪ್ರಶ್ನೆ.

"ಎಷ್ಟು ದಿನ ಇದೆ? ಬೆನ್ನು ಹೇಗಿದೆ? ಕಿಟಕಿ ಬೇಕಾ, ನಿದ್ದೆ ಬೇಕಾ?"

ಉತ್ತರ ಬರುವಷ್ಟರಲ್ಲಿ ಪೆನ್ಸಿಲು ಓಡುತ್ತಿತ್ತು. ಹಳೆಯ ವೇಳಾಪಟ್ಟಿಗಳನ್ನು ಉದ್ದುದ್ದ ಕತ್ತರಿಸಿ ಇಟ್ಟುಕೊಂಡಿದ್ದರು. ಅದರ ಹಿಂಬದಿಯ ಮೇಲೆ ಯಾವ ಬಂಡಿ, ಎಷ್ಟು ಹೊತ್ತಿಗೆ, ಯಾವ ಕಡೆ ಕೂರಬೇಕು ಅಂತ ಬರೆದು, ಕೂರುವ ಕಡೆಯ ಕೆಳಗೆ ಎರಡು ಗೆರೆ ಎಳೆದು ಕೊಡುತ್ತಿದ್ದರು. ಎರಡು ನಿಮಿಷದ ಕೆಲಸ. ಹೊಸದಾಗಿ ಮದುವೆಯಾದವರಿಗೆ ಬಾಡಿಗೆ ಕಾರು ಬರೆಯುತ್ತಿದ್ದರು. ಹಳೆಯ ಗಂಡ ಹೆಂಡತಿಗೆ ರೈಲು. ಯಾಕೆ ಅಂತ ಕೇಳಿದ್ದಕ್ಕೆ, "ಎದುರಿಗೆ ನಾಲ್ಕು ಜನ ಕೂತಿದ್ರೆ ಬಾಯಿ ಹಿಡಿತದಲ್ಲಿರುತ್ತೆ ಕಣಮ್ಮ" ಅಂದಿದ್ದರು.

ಇಷ್ಟೆಲ್ಲ ಹೇಳುವ ಮನುಷ್ಯ ಸ್ವತಃ ಹೋದದ್ದೆಲ್ಲಿಗೆ ಅಂದರೆ, ಮನೆಯಿಂದ ನಿಲ್ದಾಣಕ್ಕೆ. ನಡೆದರೆ ಹದಿನೇಳು ನಿಮಿಷ. ರಜೆ ಸಿಕ್ಕಾಗ ಹೋದರಾಯಿತು ಅನ್ನುತ್ತಿದ್ದರು. ರಜೆಯ ದಿನಗಳಲ್ಲಿ ದೇಶಕ್ಕೆ ದೇಶವೇ ಪ್ರವಾಸ ಹೊರಡುವುದರಿಂದ ಅವರಿಗೆ ಮಾತ್ರ ರಜೆ ಸಿಗುತ್ತಿರಲಿಲ್ಲ. ಅಕ್ಕ ಮನೆಯಲ್ಲಿ ಕೂತು ದರ್ಜಿಯ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳೂ ಎಲ್ಲಿಗೂ ಹೋದವಳಲ್ಲ.

ಅಕ್ಕನ ಬಲಗಣ್ಣು ಮೊದಲು ಮಸುಕಾಯಿತು. ಸೂಜಿಗೆ ದಾರ ಪೋಣಿಸಿಕೊಡು ಅಂತ ನನ್ನನ್ನು ಕರೆಯತೊಡಗಿದಳು. ಕಣ್ಣಿನ ಡಾಕ್ಟರು ಯಂತ್ರದಲ್ಲಿ ಇಣುಕಿ ನೋಡಿ, ಇನ್ನೊಂದು ಕಣ್ಣೂ ಹೋಗುತ್ತದೆ, ಇದಕ್ಕೆ ಆಪರೇಷನ್ ಇಲ್ಲ ಅಂದರು. ಆರು ತಿಂಗಳೋ ವರ್ಷವೋ ಅವರಿಗೂ ಗೊತ್ತಿರಲಿಲ್ಲ. "ನೋಡಬೇಕಾದ್ದು ಏನಾದ್ರೂ ಇದ್ರೆ ನೋಡಿಬಿಡಿ" ಅಂತ ಮೆಲ್ಲಗೆ ಹೇಳಿ ಮುಂದಿನವರನ್ನು ಕರೆದರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ಅಂದಳು, "ಅಳೋದು ಆಮೇಲೆ ಅಳೋಣ. ನೀವು ಎಲ್ಲರಿಗೂ ಚೀಟಿ ಬರೆದು ತೋರಿಸೋ ದೇಶಾನ ನಾನೂ ಒಂದು ಸಲ ನೋಡಬೇಕು. ಬೆಟ್ಟ, ದೊಡ್ಡ ಹೊಳೆ, ಕಡೆಗೆ ಸಮುದ್ರ. ಅಷ್ಟೇ."

"ಅದೇನು ಮಹಾ," ಅಂದರು ಭಾವ. "ಈ ಭಾನುವಾರವೇ ಕೂತು ಬರೆದುಬಿಡ್ತೀನಿ."

ಆ ಭಾನುವಾರ ಬರೆದರು. ಮುಂದಿನ ಭಾನುವಾರ ಅಳಿಸಿದರು. ಊಟದ ಮೇಜಿನ ಮೇಲೆ ನಕ್ಷೆ ಹಾಸಿಕೊಂಡಿತು; ಅಕ್ಕನೂ ನಾನೂ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಊಟ ಮಾಡುವುದು ಕಲಿತೆವು. ಮೊದಲು ರೈಲು ಅಂದರು. ಆಮೇಲೆ ಯಾರದೋ ರೈಲು ಸೇತುವೆಯ ಮೇಲೆ ಒಂಬತ್ತು ಗಂಟೆ ನಿಂತದ್ದು ನೆನಪಾಯಿತು. ಬಸ್ಸಾದರೆ ಧೂಳು, ಇರುವ ಒಂದು ಕಣ್ಣಿಗೂ ಕುತ್ತು. ಬಾಡಿಗೆ ಕಾರಿನ ಚಾಲಕರು ತೂಕಡಿಸುತ್ತಾರೆ. ವಿಮಾನದಲ್ಲಿ ಹೋದರೆ ಕಾಣುವುದು ಮೋಡ. ಮೋಡ ನಮ್ಮ ಮಹಡಿಯ ಮೇಲಿಂದಲೂ ಕಾಣುತ್ತದೆ. ಈ ತಿಂಗಳು ಬೆಟ್ಟಕ್ಕೆ ಮಂಜು, ಮುಂದಿನ ತಿಂಗಳು ಹೊಳೆಯಲ್ಲಿ ನೀರಿಲ್ಲ. ಹೀಗೇ ಅಳೆದರು, ಸುರಿದರು.

ಅವರ ತಲೆಯೊಳಗೆ ಏನು ನಡೆಯುತ್ತಿತ್ತು ಅಂತ ನನಗೆ ತಡವಾಗಿ ಹೊಳೆಯಿತು. ಚೆನ್ನಾಗಿ ಹೋಗಿಬಂದವರು ಯಾರೂ ಆ ಕಿಟಕಿಗೆ ತಿರುಗಿ ಬಂದು ಚೆನ್ನಾಗಿತ್ತು ಅಂತ ಹೇಳಿದ್ದೇ ಇಲ್ಲ. ತಿರುಗಿ ಬಂದವರೆಲ್ಲ ಬೈಯಲು ಬಂದವರು. ಮೂವತ್ತೊಂದು ವರ್ಷ ಬೈಗುಳವನ್ನೇ ಕೇಳಿದವರಿಗೆ ದೇಶದ ಒಂದೊಂದು ದಾರಿಯೂ ಕೆಟ್ಟು ನಿಂತ ಬಂಡಿಗಳ ಸಾಲಾಗಿ ಕಾಣುತ್ತಿತ್ತು. ಪರರನ್ನು ಅದರಲ್ಲಿ ಕಳಿಸಲು ಅವರಿಗೆ ಭಯವಿರಲಿಲ್ಲ. ಹೆಂಡತಿಯನ್ನು ಕಳಿಸಲು ಇತ್ತು.

ನನಗೋ ಕೋಪ ಮೂಗಿನ ತುದಿಯಲ್ಲೇ. "ಭಾವ, ಇನ್ನೂ ಎಷ್ಟು ದಿನ ಮೀನಮೇಷ ಎಣಿಸ್ತೀರಾ?" ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಒಂದೇ ಸಲ ನೋಡೋದು ಕಣಮ್ಮ ಅವಳು. ಎಡವಟ್ಟಾದ್ರೆ ಇನ್ನೊಂದು ಸಲ ಅನ್ನೋದಿಲ್ಲ."

"ಹೊರಡದೇ ಇದ್ರೆ ಆ ಒಂದು ಸಲವೂ ಇಲ್ಲ."

ಅವರು ಪೆನ್ಸಿಲು ಕೆತ್ತತೊಡಗಿದರು. ಅಕ್ಕ ಒಳಗಿನಿಂದ, "ಬಿಡೇ, ಅವರ ಕೆಲಸ ಅವರಿಗೆ ಗೊತ್ತು" ಅಂದಳು.

ನಾಲ್ಕನೇ ತಿಂಗಳಲ್ಲಿ ಅವಳಿಗೂ ತಾಳ್ಮೆ ತಪ್ಪಿತು. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಒಬ್ಬಳೇ ನಿಲ್ದಾಣಕ್ಕೆ ಬಂದಳು. ಅಕ್ಕ ಬಾ ಅಂತ ನಾನು ಕೂಗುವಷ್ಟರಲ್ಲಿ ಹೋಗಿ ಸೀದಾ ವಿಚಾರಣೆಯ ಸಾಲಿನಲ್ಲಿ ನಿಂತಳು. ಮುಂದೆ ಐದು ಜನ. ನಾನು ಚೀಟಿ ಪುಸ್ತಕ ಬಿಟ್ಟು ಹತ್ತಿರ ಹೋಗಿ ನಿಂತೆ. ಅವಳ ಸರದಿ ಬಂದಾಗ ಭಾವ ತಲೆ ಎತ್ತದೆ ಅಭ್ಯಾಸದಂತೆ ಕೇಳಿದರು.

"ಎಷ್ಟು ದಿನ ಇದೆ?"

"ಡಾಕ್ಟರಿಗೂ ಗೊತ್ತಿಲ್ಲವಂತೆ," ಅಂದಳು ಅಕ್ಕ.

ಭಾವ ತಲೆ ಎತ್ತಿದರು. ಅವಳು ನಿಲ್ಲಿಸಲಿಲ್ಲ. "ಬೆನ್ನು ಗಟ್ಟಿ ಇದೆ. ಕಿಟಕಿ ಬೇಕು. ನಿದ್ದೆ ಆಮೇಲೆ ಬೇಕಾದಷ್ಟು ಮಾಡ್ತೀನಿ."

ಸಾಲಿನಲ್ಲಿದ್ದವರು ತಮಾಷೆ ಅಂದುಕೊಂಡು ನಕ್ಕರು. ಭಾವ ಕಾಗದ ಎಳೆದುಕೊಂಡರು, ಪೆನ್ಸಿಲು ಹಿಡಿದರು. ಹಿಡಿದ ಪೆನ್ಸಿಲು ಹಾಗೇ ನಿಂತಿತು. ಬರೆಯಿರಿ, ಏನಾದರೂ ಬರೆಯಿರಿ, ಎತ್ತಿನ ಗಾಡಿ ಅಂತಾದರೂ ಬರೆಯಿರಿ ಅಂತ ನನ್ನ ಜೀವ ಬಡಿದುಕೊಳ್ಳುತ್ತಿತ್ತು.

"ಸ್ವಲ್ಪ ನೋಡಿ ಹೇಳ್ತೀನಿ," ಅಂದರು.

ಆ ಮಾತನ್ನು ಅವರು ಆ ಕಿಟಕಿಯಲ್ಲಿ ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅಕ್ಕ ಆಯಿತು ಅಂತ ತಲೆಯಾಡಿಸಿ ಪಕ್ಕಕ್ಕೆ ಸರಿದಳು. ಹಿಂದೆ ನಿಂತಿದ್ದವನಿಗೆ ಎರಡು ನಿಮಿಷದಲ್ಲಿ ಚೀಟಿ ಸಿಕ್ಕಿತು.

ಏಳನೇ ತಿಂಗಳಲ್ಲಿ ಒಂದು ಸಂಜೆ ಭಾವ ನಗುತ್ತಾ ಮನೆಗೆ ಬಂದರು. ಮುಗಿಯಿತು ಅಂದರು. ಎಲ್ಲ ಲೆಕ್ಕ ಹಾಕಿ ಕೊನೆಗೆ ಮೊದಲನೇ ಭಾನುವಾರ ಬರೆದಿದ್ದ ರೈಲಿಗೇ ಬಂದು ನಿಂತಿದ್ದರು. ಮೂವರಿಗೂ ಟಿಕೆಟ್ ತಂದಿದ್ದರು. "ಎಡಗಡೆ ಕಿಟಕಿ, ನಿನ್ನದು. ಬೆಟ್ಟ, ಹೊಳೆ, ಸಮುದ್ರ, ಮೂರೂ ಎಡಗಡೆಗೇ ಬರೋದು" ಅಂತ ಒಂದನ್ನು ಅಕ್ಕನ ಕೈಯಲ್ಲಿ ಇಟ್ಟರು.

ಅಕ್ಕ ಕಾಗದವನ್ನು ಬೆರಳಿನಿಂದ ಸವರಿದಳು. "ಎಷ್ಟು ಗಂಟೆಗೆ?"

"ಅದರಲ್ಲೇ ಇದೆ, ನೋಡು."

"ನೀವೇ ಓದಿ."

ಭಾವನ ನಗು ಮುಖದ ಮೇಲೆಯೇ ಉಳಿದಿತ್ತು, ಅದನ್ನು ಇಳಿಸುವುದು ಹೇಗೆ ಅಂತ ಅವರಿಗೆ ತಿಳಿಯಲಿಲ್ಲ. ಅಕ್ಕನಿಗೆ ಎಡಗಣ್ಣೂ ಹೋಗಿ ಮೂರು ವಾರವಾಗಿತ್ತು. ಬೆರಳು ನೋವು ಅಂತ ಗುಂಡಿ ಹೊಲಿಯುವುದು ಬಿಟ್ಟಿದ್ದಳು, ನಾನು ನಂಬಿದ್ದೆ. ಮನೆಯ ಮೂಲೆ ಮೂಲೆಯೂ ಅವಳ ಕೈಗೆ ಗೊತ್ತಿತ್ತು. ಕಣ್ಣಿದ್ದ ನಾವಿಬ್ಬರೂ ನೋಡಲಿಲ್ಲ.

"ಹೇಳಬಾರದಿತ್ತೇನೇ?" ಅಂತ ನಾನು ಅತ್ತೆ.

"ಹೇಳಿದ್ರೆ ಇವರು ಬರೆಯೋದು ನಿಲ್ಲಿಸ್ತಿದ್ರು. ಆ ಪೆನ್ಸಿಲ್ ಸದ್ದು ಕೇಳ್ತಾ ಇದ್ರೆ ಹೊರಡ್ತೀವಿ ಅನ್ನಿಸ್ತಿತ್ತು," ಅಂದಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಟಿಕೆಟ್ ಹಿಂತಿರುಗಿಸೋಣ ಅಂದರು ಭಾವ. ಅಕ್ಕ ಒಪ್ಪಲಿಲ್ಲ. ಮೂವರೂ ಹೊರಟೆವು.

ಏನೂ ಎಡವಟ್ಟಾಗಲಿಲ್ಲ, ಅದೇ ನನಗೆ ತಡೆಯಲಾಗದ್ದು. ರೈಲು ಒಂದು ನಿಮಿಷ ತಡವಾಗಲಿಲ್ಲ. ಧೂಳಿಲ್ಲ, ಗದ್ದಲವಿಲ್ಲ. ಬೆಟ್ಟದ ಮೇಲೆ ಚೂರೂ ಮಂಜಿರಲಿಲ್ಲ, ಹೊಳೆ ದಡ ತುಂಬಿ ಹರಿಯುತ್ತಿತ್ತು. ಭಾವ ಅಕ್ಕನ ಪಕ್ಕ ಕೂತು, "ಈಗ ಸುರಂಗ, ಒಂಬತ್ತು ನಲವತ್ತು. ಈಗ ಸೇತುವೆ, ಹತ್ತು ಐದು" ಅಂತ ಹೇಳುತ್ತಿದ್ದರು. ಅವರಿಗೆ ಬರುತ್ತಿದ್ದುದು ಅಷ್ಟೇ.

ಎರಡನೇ ದಿನ ಗಾಳಿಯ ವಾಸನೆ ಬದಲಾಯಿತು.

"ಬಂತಾ?" ಅಂದಳು ಅಕ್ಕ.

"ಬಂತು," ಅಂದರು ಭಾವ.

"ಹೇಗಿದೆ?"

ಭಾವ ಹೊರಗೆ ನೋಡಿದರು. "ಇಪ್ಪತ್ತೆರಡು ನಿಮಿಷ ಇರುತ್ತೆ," ಅಂದರು.

ಅಷ್ಟರಲ್ಲಿ ಬಲಗಡೆಯ ಸೀಟಿನಿಂದ ಒಬ್ಬಾಕೆ ಎದ್ದು ಬಂದಳು. ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಉದ್ದನೆಯ ಕಾಗದದ ಚೂರು. ಒಂದು ಬದಿಗೆ ಹಳೆಯ ವೇಳಾಪಟ್ಟಿ, ಇನ್ನೊಂದು ಬದಿಗೆ ಪೆನ್ಸಿಲ್ ಬರಹ. ಎಡಗಡೆ ಕಿಟಕಿ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು.

"ನನಗೆ ಎಡಗಡೆ ಸಿಗಲಿಲ್ಲ. ಸ್ವಲ್ಪ ಹೊತ್ತು ಇಲ್ಲಿ ನಿಂತು ನೋಡಲಾ?" ಅಂತ ಕೇಳಿದಳು.

ಅಕ್ಕ ಸೀಟಿನ ಅಂಚು ತಡವಿಕೊಂಡು ಎದ್ದಳು. "ಕೂತ್ಕೊಳ್ಳಿ ತಾಯಿ. ನಾನು ಯಾವ ಕಡೆ ಕೂತ್ರೂ ಒಂದೇ."

ಆಕೆ ಅಕ್ಕನ ಮುಖ ನೋಡಿ ಹಿಂಜರಿದಳು. ಅಕ್ಕ ಕೈಹಿಡಿದು ಕೂರಿಸಿದಳು. ಕೂತವಳು ಸಂಕೋಚಕ್ಕೆ ಏನಾದರೂ ಮಾತಾಡಬೇಕಲ್ಲ ಅಂತ ಚೀಟಿಯನ್ನು ನಮ್ಮತ್ತ ಚಾಚಿದಳು. "ಹೇಗೆ ಹೋಗೋದು ಅಂತ ತಿಂಗಳಿಂದ ಒದ್ದಾಡ್ತಿದ್ದೆ. ನಿಲ್ದಾಣದಲ್ಲಿ ಒಬ್ರು ತಲೆಯನ್ನೂ ಎತ್ತದೆ ಎರಡೇ ನಿಮಿಷದಲ್ಲಿ ಬರೆದುಕೊಟ್ಟುಬಿಟ್ರು, ಮುಖ ಕೂಡ ಸರಿಯಾಗಿ ನೋಡಲಿಲ್ಲ, ಪುಣ್ಯಾತ್ಮರು. ನೀವೂ ಅವರನ್ನೇ ಕೇಳಿ ಬಂದ್ರಾ?"

ಭಾವ ತಲೆ ತಗ್ಗಿಸಿದರು. ಆ ಗಳಿಗೆಯಲ್ಲಿ ನನಗೆ ಅವರನ್ನು ಹೊಡೆಯಬೇಕೆನ್ನಿಸಿತು, ಅಪ್ಪಿಕೊಂಡು ಅಳಬೇಕೆನ್ನಿಸಿತು, ಎರಡೂ ಮಾಡಲಿಲ್ಲ.

"ಹೌದು," ಅಂದಳು ಅಕ್ಕ. "ನಮಗೆ ಸ್ವಲ್ಪ ನೋಡಿ ಹೇಳಿದ್ರು."

ಆಕೆ ಕಿಟಕಿಗೆ ಮುಖವಿಟ್ಟು ಕೂತಳು. ಇಪ್ಪತ್ತೆರಡನೇ ನಿಮಿಷಕ್ಕೆ ಸರಿಯಾಗಿ ಸಮುದ್ರ ಮುಗಿಯಿತು.