ಹುಣಸೆಮರದಡಿಯ ಘಾಟು

ಕೊಕ್ಕರೆಗಳನ್ನು ಓಡಿಸಿದವನು ನಾನು. ಬಣ್ಣದ ದೊರೆಯ ಕಣ್ಣಲ್ಲ — ನನ್ನ ಕೈ, ನಮ್ಮನೆಯ ಒಣಮೆಣಸಿನಕಾಯಿ. ಇಷ್ಟು ಬರೆಯಲು ಮೂವತ್ತು ವರ್ಷ ಬೇಕಾಯಿತು, ನಾಚಿಕೆಗೇಡು.

ಊರವರು ಬಣ್ಣದ ದೊರೆ ಎನ್ನುತ್ತಿದ್ದ ಅವನು ಹಂಗೇರಿಯಿಂದ ಬಂದವನು. ಕೆರೆ, ಗದ್ದೆ, ಮರಗಳ ಚಿತ್ರ ಬರೆದು ಮೈಸೂರಿನ ಬಂಗಲೆಗಳಿಗೆ ಮಾರುತ್ತಿದ್ದ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಹೊಸದರಲ್ಲಿ, ಕೊಕ್ಕರೆ ನೋಡಲೆಂದು ನಮ್ಮ ಬೆಳ್ಳೂರಿಗೆ ಬಂದವನು ಇಲ್ಲೇ ಉಳಿದ. ಬಾಡಿಗೆ ಮನೆ ಹಿಡಿದ, ನಮ್ಮ ಮಾತು ಕಲಿತ, ನಾಲ್ಕು ವರ್ಷ ನಮ್ಮನೆ ಮುಂದಿನ ಹುಣಸೆಮರವನ್ನೇ ಬರೆದ. ಅವನಿಗೆ ಬೇರೆ ಊರು ಅಂತ ಇರಲಿಲ್ಲ.

ಆ ವರ್ಷ ತಂಗಿಯನ್ನು ನೋಡಲು ಮದ್ದೂರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಹಿಂದೊಮ್ಮೆ ಬಂದಿದ್ದ ಬೇರೆ ಕಡೆಯವರು ಪಂಚೆಯ ಮೇಲೆ ಬಿದ್ದ ಕೊಕ್ಕರೆಯ ಹಿಕ್ಕೆ ಒರೆಸಿಕೊಂಡು, ಮೂಗು ಮುಚ್ಚಿಕೊಂಡು ಎದ್ದುಹೋಗಿದ್ದರು. ಕೊಕ್ಕರೆ ಎಂದರೆ ನಮ್ಮೂರಿಗೆ ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು — ಓಡಿಸುವುದುಂಟೇ? ನಾನು ಓಡಿಸಿದೆ. ಮೊದಲ ಜೋಡಿ ಇಳಿದ ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಮರದ ಬುಡದಲ್ಲಿ ಮೆಣಸಿನಕಾಯಿ ಸುಟ್ಟೆ. ಘಾಟಿಗೆ ಅವು ಎದ್ದುಹೋದವು. ಅವುಗಳ ಹಿಂದಿನಿಂದ ಬಂದ ಹಿಂಡೂ ಊರಲ್ಲೆಲ್ಲೂ ಇಳಿಯಲಿಲ್ಲ.

ಮೆಣಸಿನಕಾಯಿ ಸುಟ್ಟರೆ ದೃಷ್ಟಿ ತೆಗೆಯುತ್ತಿದ್ದಾರೆಂದೇ ಯಾರಾದರೂ ತಿಳಿಯುವುದು. ಊರಿಗೆ ಹಿರಿಯಳಾದ ಪುಟ್ಟತಾಯಮ್ಮ ಕೆಮ್ಮುತ್ತ ಬಂದು ಕೇಳಿದಳು: “ಯಾರ್ ದಿಷ್ಟಿ ಬಿದ್ದದೆ ಮೇಷ್ಟ್ರೇ?”

ಎದುರಿಗೇ ಅವನು ಕೂತು ಮರ ಬರೆಯುತ್ತಿದ್ದ. ನನ್ನ ಬಾಯಿಗೆ ಬಂದದ್ದು — “ಬಣ್ಣದ ದೊರೆದು.”

ಅಷ್ಟೇ ಹೇಳಿದ್ದು. ಸಂಜೆಯೊಳಗೆ ಊರೆಲ್ಲ ಅದೇ ಮಾತು. ಬರೆದು ಬರೆದು ಕೊಕ್ಕರೆಗಳನ್ನೆಲ್ಲ ಚಿತ್ರದ ಬಟ್ಟೆಗೆ ಇಳಿಸಿಕೊಂಡುಬಿಟ್ಟ ಎಂದರು. ಊರು ಬಿಡು ಎಂದರು. ಅವನ ಸಾಮಾನಿನ ಗಾಡಿ ಶಾಲೆಯ ಮುಂದೆಯೇ ಹೋಯಿತು. ನಾನು ಮಗ್ಗಿ ಹೇಳಿಸುತ್ತಿದ್ದೆ, ನಿಲ್ಲಿಸಲಿಲ್ಲ.

ತಂಗಿಯ ಮದುವೆಯಾಯಿತು. ಮರುವರ್ಷ ನಾನು ಮೆಣಸಿನಕಾಯಿ ಸುಡಲಿಲ್ಲ, ಕೊಕ್ಕರೆ ಬಂದವು.

ಆ ಬೇಸಿಗೆಯಲ್ಲಿ ಮಳವಳ್ಳಿಯಲ್ಲಿ ಅವನನ್ನು ಕಂಡೆ — ಕಾಫಿ ಹೋಟೆಲಿನ ಬೋರ್ಡು ಬರೆಯುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ. ಏಣಿಯಿಂದ ಇಳಿದು ಕೇಳಿದ್ದು ಒಂದೇ: “ಕೊಕ್ಕರೆ ಬಂದ್ವಾ ಮೇಷ್ಟ್ರೇ?”

“ಬಂದವು” ಎಂದೆ. ಸುಳ್ಳಲ್ಲವಲ್ಲ.

ಅವನು ಬಹಳ ಹೊತ್ತು ಕುಂಚ ಒರೆಸಿದ. “ಅಂಗಾರೆ ಊರೋರು ಯೇಳಿದ್ದು ದಿಟ. ನನ್ ಕಣ್ಣೇಯಾ.”

ಆಗಲಾದರೂ ಹೇಳಬಹುದಿತ್ತು. ಸಾಯುವವರೆಗೂ ಅವನು ಅಲ್ಲೇ ಬೋರ್ಡು ಬರೆದುಕೊಂಡಿದ್ದ. ಒಂದು ಮರವನ್ನೂ ಬರೆಯಲಿಲ್ಲವಂತೆ. ಈಗ ಕೊಕ್ಕರೆ ಇಳಿಯುವಾಗ ಜಗುಲಿಯ ಮೇಲೆ ಕೂತು ನೋಡುತ್ತೇನೆ. ಏನೂ ಅನ್ನಿಸುವುದಿಲ್ಲ. ನೆನಪಾಗುವುದು ಇಷ್ಟೇ — ಬಸ್ಸಿಗೆ ಹೊತ್ತಾಯಿತೆಂದು ಅವತ್ತು ಮಳವಳ್ಳಿಯಲ್ಲಿ ಅವನಿಗೆ ಹೇಳಿ ಹೊರಟೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.