ರಬ್ಬರ್ ಕೈ ಮತ್ತು ಹಸಿರು ಬಳೆ

ನನ್ನ ಬಲಗೈಯ ನಾಲ್ಕು ಬೆರಳುಗಳು ದೇವದುರ್ಗದ ನಮ್ಮ ಮನೆಯ ಹಿತ್ತಲಲ್ಲಿ ಗೆಣ್ಣಿನ ಸಮೇತ ಹೋದವು. ಮೇವು ಕತ್ತರಿಸುವ ಯಂತ್ರಕ್ಕೆ ನಾನು ಜೋಳದ ಕಣಕಿ ಒಡ್ಡುತ್ತಿದ್ದೆ, ಅಣ್ಣ ಗಾಲಿ ತಿರುಗಿಸುತ್ತಿದ್ದ. ಜಾಲಹಳ್ಳಿ ಬಸ್ಸಿನ ಹಾರ್ನ್ ಕೇಳಿ ಯಾರು ಬಂದರೋ ಎಂದು ತಲೆ ಎತ್ತಿದೆ. ಅಷ್ಟೇ. ಕುತೂಹಲ ನನ್ನದು, ತಪ್ಪೂ ನನ್ನದು. ಆದರೆ ಅಣ್ಣ ಅದನ್ನು ತನ್ನ ತಲೆಗೆ ಕಟ್ಟಿಕೊಂಡುಬಿಟ್ಟ. ಎಪ್ಪತ್ತರ ದಶಕದ ಕೊನೆ ಅದು, ನನಗೆ ಹದಿನೇಳು. ಅಪ್ಪ ಇಲ್ಲದ ಮನೆಗೆ ಅವನೇ ಯಜಮಾನ.

ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು ಹೆಬ್ಬೆರಳು ಉಳಿಸಿದರು. ಗಾಯ ಮಾಯ್ದ ಮೇಲೆ ಎದುರಿಗೆ ಕೂರಿಸಿಕೊಂಡು ಮುಂದಿನ ದಾರಿ ಹೇಳಿದರು. ಭುಜಕ್ಕೆ ಪಟ್ಟಿ ಕಟ್ಟಿ ಎಳೆದರೆ ಬಾಯಿ ತೆರೆಯುವ ಕಬ್ಬಿಣದ ಕೊಕ್ಕೆಯೊಂದಿದೆ, ಅದು ಪೂರ್ತಿ ಕೈ ಹೋದವರಿಗೆ. ಹೈದರಾಬಾದಿನಲ್ಲಿ ರಬ್ಬರ್ ಕೈ ಸಿಗುತ್ತದೆ, ಅದು ನೋಡುವ ಮಂದಿಗೆ. ನಿನ್ನ ಹೆಬ್ಬೆರಳಿಗೆ ಬೇಕಾದದ್ದು ಒತ್ತಿ ಹಿಡಿಯಲು ಎದುರಿಗೊಂದು ಜೋಡಿ ಅಷ್ಟೇ ಎಂದು ಚೀಟಿಯ ಹಿಂದೆ ಚಿತ್ರ ಬರೆದುಕೊಟ್ಟರು: ಅಂಗೈಗೆ ತೊಗಲಿನ ಪಟ್ಟಿ, ಅದಕ್ಕೊಂದು ಬಾಗಿದ ಅಲ್ಯುಮಿನಿಯಂ ತಗಡು. ಹೆಬ್ಬೆರಳನ್ನು ತಗಡಿಗೆ ಒತ್ತಿದರೆ ಹಿಡಿತ. ಊರಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಆ ಚಿತ್ರ ನೋಡಿ ಎರಡೇ ದಿನದಲ್ಲಿ ಮಾಡಿಕೊಟ್ಟರು. ಅದರಿಂದ ಸೌಟು ಹಿಡಿದೆ, ಪೊರಕೆ ಹಿಡಿದೆ, ಪೆನ್ನೂ ಹಿಡಿದೆ. ರೊಟ್ಟಿ ಬಡಿಯಲು ಅದೂ ಬೇಡ, ಉಳಿದ ಅಂಗೈ ಸಾಕಿತ್ತು. ರೊಟ್ಟಿ ಸೊಟ್ಟಗಾಗುತ್ತಿತ್ತು ನಿಜ. ಬೆರಳಿದ್ದಾಗಲಾದರೂ ದುಂಡಗಿತ್ತೇನು ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು.

ಮನೆಗೆಲಸಕ್ಕೆ ಸೈ. ಆದರೆ ಮಂದಿಯ ಎದುರು ಆ ಕೈ ಸೆರಗಿನೊಳಗೇ ಇರುತ್ತಿತ್ತು. ಎಣ್ಣೆ ಹಚ್ಚುವಾಗ ಅವ್ವ ಕೂಡ ಬೇರೆ ಕಡೆ ನೋಡುತ್ತಿದ್ದಳು. ಅಣ್ಣನಂತೂ ನನ್ನ ಬಲಗಡೆ ಕೂರುವುದನ್ನೇ ಬಿಟ್ಟಿದ್ದ.

ಎರಡು ವರ್ಷದ ನಂತರ ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನಿಂದ ಸಂಬಂಧ ಬಂತು. ಹುಡುಗ ಸಾಲಿ ಮಾಸ್ತರ. ಕೈ ತೋರಿಸಿ ಎಂದು ತಾವೇ ಕೇಳಿ, ನೋಡಿ, ಒಪ್ಪಿದರು. ಅವರ ತಾಯಿಯದು ಮಾತ್ರ ಒಂದು ಕರಾರು: ಮದುವೆಯ ದಿನ ಬೀಗರು ಬಿಜ್ಜರ ಎದುರು ಮೋಟುಗೈ ಕಾಣಬಾರದು. ಅಣ್ಣನಿಗೆ ಇಷ್ಟೇ ಬೇಕಾಗಿತ್ತು. ನನ್ನ ಎರಡೂ ಕೈಗಳ ಗುರುತನ್ನು ಅವ್ವನಿಂದ ಕಾಗದದ ಮೇಲೆ ಎಳೆಸಿಕೊಂಡು, ಅಳತೆ ಕೊಡಲು ಒಮ್ಮೆ, ತರಲು ಒಮ್ಮೆ ಹೈದರಾಬಾದಿಗೆ ಹೋಗಿ ಬಂದ.

ಉಗುರು, ಗೆರೆ, ನರ ಎಲ್ಲ ಇದ್ದ ಗವುಸು ಅದು. ಮುಂಗೈ ದಾಟಿ ಮೊಣಕೈ ಹತ್ತಿರದವರೆಗೆ ಏರಿಸಿ ಜಿಪ್ ಎಳೆಯಬೇಕು. ಬಣ್ಣ ಮಾತ್ರ ದೊರೆಸಾನಿಯದು. ಎಡಗೈ ನನ್ನದು, ಬಲಗೈ ಯಾವುದೋ ಬಿಳಿ ಹೆಂಗಸಿನದು. ನಗು ಬಂತು, ಅಣ್ಣನ ಮುಖ ನೋಡಿ ನುಂಗಿಕೊಂಡೆ. ಅದರೊಳಗೆ ನನ್ನ ಹೆಬ್ಬೆರಳಿಗೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಆದರೂ ಹಾಕಿಕೊಳ್ಳುತ್ತೇನೆ ಎಂದೆ.

ಮದುವೆಯ ಹಿಂದಿನ ದಿನ ಬಳೆ ಇಡಲು ಖಾಲಾ ಬಂದಳು. ಊರಿನ ಅರ್ಧ ಮದುಮಕ್ಕಳಿಗೆ ಬಳೆ ಇಟ್ಟ ಮುದುಕಿ, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಎಡಗೈ ಮುಗಿಸಿ ಬಲಗೈ ಕೇಳಿದಳು. ರಬ್ಬರ್ ಕೈ ಮುಂದಿಟ್ಟೆ. ಮುಟ್ಟಿದವಳೇ ಕೈ ಹಿಂದಕ್ಕೆ ತೆಗೆದುಕೊಂಡಳು. ಜೀವವಿಲ್ಲದ ಕೈಗೆ ಹಸಿರು ಬಳೆ ಇಡುವುದು ಶುಭವಲ್ಲ, ತಾನು ಇಡುವುದಿಲ್ಲ ಎಂದಳು. ಗವುಸಿನೊಳಗೆ ಇಡೋಣವೆಂದರೆ ಗಾಜು ಒಡೆಯುತ್ತದೆ. ಬಳೆಯಿಲ್ಲದ ಬರಿಗೈಯಲ್ಲಿ ಮದುಮಗಳನ್ನು ಹಂದರಕ್ಕೆ ಕರೆತರಲು ಅವ್ವ ಸತ್ತರೂ ಒಪ್ಪುವವಳಲ್ಲ. ರಬ್ಬರ್ ಕೈ ಬಿಟ್ಟರೆ ಬೀಗಿತಿಗೆ ಕೊಟ್ಟ ಮಾತು ತಪ್ಪುತ್ತದೆ. ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ನೋಡಿದರು.

ನಾನೇ ಜಿಪ್ ಬಿಚ್ಚಿ ಗವುಸು ಕಳಚಿದೆ.

"ಅಣ್ಣಾ, ಸಿಟ್ಟಾಗಬ್ಯಾಡ. ನಾ ಇದನ್ನ ಹಾಕ್ಕೊಳ್ಳೂದಿಲ್ಲ."

ಅವನು ಅಂಗಳಕ್ಕೆ ಹೋದ.

ಖಾಲಾ ನನ್ನ ಮೋಟುಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲ ಹುಡುಗಿಯರ ಕೈ ಹಿಚುಕುವ ಹಾಗೆಯೇ ಹಿಚುಕಿದಳು. ದೊಡ್ಡ ಬಳೆ ಜಾರಿ ಬೀಳುತ್ತದೆಂದು ಒಂದಳತೆ ಸಣ್ಣ ಬಳೆ ಆರಿಸಿದಳು. ಆಮೇಲೆ ಎಲ್ಲರನ್ನೂ ಬೈಯುವ ಹಾಗೆ ನನ್ನನ್ನೂ ಬೈದಳು.

"ಕೈ ಸಡ್ಲ ಬಿಡು ಬೇಟಿ. ಮುಷ್ಟಿ ಹಿಡದ್ರ ಬಳಿ ಹ್ಯಾಂಗ ಏರ್ತಾವ?"

ಮುಷ್ಟಿ ಹಿಡಿಯಲು ಬೆರಳೆಲ್ಲಿ? ಆದರೆ ಮುದುಕಿಯ ಮಾತು ಸುಳ್ಳಲ್ಲ. ಹೋದ ಬೆರಳುಗಳು ಇನ್ನೂ ಅಲ್ಲೇ ಇವೆ, ಬಿಗಿಯಾಗಿ ಮಡಚಿಕೊಂಡಿವೆ ಎಂದು ಎರಡು ವರ್ಷದಿಂದ ನನಗೆ ಅನಿಸುತ್ತಲೇ ಇತ್ತು. ಹುಚ್ಚಿ ಅಂದಾರು ಎಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಅವು ಒಂದೊಂದಾಗಿ ಬಿಚ್ಚಿಕೊಂಡವು. ನಾನು ಗಳಗಳ ಅತ್ತುಬಿಟ್ಟೆ. ನೋವಾಯಿತೇನು ಎಂದು ಖಾಲಾ ಕೇಳಿದಳು. ಇಲ್ಲ ಎಂದೆ.

ಮರುದಿನ ಅಕ್ಷತೆ ಬಿತ್ತು. ಅತ್ತೆಯ ಮುಖ ಗಂಟಿಕ್ಕಿಕೊಂಡೇ ಇತ್ತು. ನಮ್ಮಲ್ಲಿ ಹೆಣ್ಣು ಒಪ್ಪಿಸುವಾಗ ತಂದೆಯಾದವನು ಅವಳ ಬಲಗೈ ಹಿಡಿದು ಅತ್ತೆಯ ಕೈಯಲ್ಲಿ ಇಡಬೇಕು. ಅಪ್ಪನ ಜಾಗದಲ್ಲಿ ಅಣ್ಣ ಬಂದು ನಿಂತ. ಅವನಿಗೆ ಕಷ್ಟವಾಗಬಾರದೆಂದು ನಾನೇ ಎಡಗೈ ಚಾಚಿದೆ. ಅವನು ಅದನ್ನು ಮೆಲ್ಲಗೆ ಸರಿಸಿ ಬಲಗೈ ತೆಗೆದುಕೊಂಡ. ಎರಡು ವರ್ಷದಲ್ಲಿ ಮೊದಲ ಸಲ ಅದನ್ನು ಕಣ್ತುಂಬ ನೋಡಿದ. ಸರಿದಿದ್ದ ಬಳೆಗಳನ್ನು ನೇರ ಮಾಡಿ ಅತ್ತೆಯ ಕಡೆ ತಿರುಗಿದ.

"ಈ ಕೈ ಹಿಂಗಾಗಿದ್ದು ನನ್ನಿಂದರೀ ಯವ್ವಾ. ಆಕೀದೇನೂ ತಪ್ಪಿಲ್ಲ. ನಿಮ್ಮ ಉಡಿಯಾಗ ಹಾಕೀನಿ."

ಅತ್ತೆ ಬಳೆ ಒಡೆಯದ ಹಾಗೆ ಮಣಿಕಟ್ಟಿನ ಕೆಳಗೆ ಕೈ ಕೊಟ್ಟು, ಅದನ್ನು ಹಿಡಿದುಕೊಂಡರು.