ಹನ್ನೆರಡು ಸಹಿಗಳು

ಶಾಯಿಗುಳಿಗೆ ನೀರಿನಲ್ಲಿ ಕರಗುವಾಗ ಏಳುವ ವಾಸನೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ತುಕ್ಕಿಗೆ ಹುಳಿ ಬೆರೆತಂಥ ವಾಸನೆ ಅದು. ಅದರೊಡನೆ ಕೌತಾಳಂ ಕಡೆಯ ನಮ್ಮ ಮನೆ ನನಗೆ ನೆನಪಾಗುತ್ತದೆ: ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲು, ಎಮ್ಮೆಗೆಂದು ಅವ್ವ ನೆನೆಹಾಕಿದ ಹತ್ತಿಕಾಳು, ಆ ಬಿಸಿಲಲ್ಲಿ ಕೂತು ಶಾಲೆಯ ಮಕ್ಕಳ ಹಲಗೆಗಳ ಮೇಲೆ ತಿದ್ದುವ ಸಾಲು ಬರೆಯುತ್ತಿದ್ದ ಅಪ್ಪ. ಆ ಸಾಲು ವರ್ಷವೆಲ್ಲ ಒಂದೇ: 'ಸುಳ್ಳು ಹೇಳಬಾರದು.' ಅಪ್ಪನ ದುಂಡು ಅಕ್ಷರಕ್ಕಾಗಿ ಪೆದ್ದಹರಿವಾಣಂನಿಂದಲೂ ಜನ ಕಾಗದ ಬರೆಸಲು ಬರುತ್ತಿದ್ದರು.

ಅಪ್ಪ ಮಾಸ್ತರನಾಗಿದ್ದ ಶಾಲೆ ಹತ್ತಿ ಸಾವ್ಕಾರರದು. ಸರ್ಕಾರದ ಗ್ರಾಂಟು ವರ್ಷಕ್ಕೊಮ್ಮೆ, ಇನ್‌ಸ್ಪೆಕ್ಟರು ತಪಾಸಣೆ ಮಾಡಿ ಹೋದ ಮೇಲೆ, ಸಾವ್ಕಾರರ ಕೈಗೆ ಬರುತ್ತಿತ್ತು. ಮಾಸ್ತರರಿಗೆ ಪ್ರತಿ ತಿಂಗಳೂ ಸಂಬಳ ಕೊಟ್ಟಿದ್ದಕ್ಕೆ ಪಗಾರ ಪುಸ್ತಕದಲ್ಲಿ ಸಹಿ ಇರಬೇಕಿತ್ತು. ಸಾವ್ಕಾರರು ಕೊಡುತ್ತಿದ್ದದ್ದು ಉಗಾದಿಗೆ ಇಷ್ಟು, ದೀಪಾವಳಿಗೆ ಇಷ್ಟು. ನಡುವೆ ಅವರ ಅಂಗಡಿಯ ಜೋಳ. ಹೀಗಾಗಿ ತಪಾಸಣೆಯ ಹಿಂದಿನ ದಿನ ಅಪ್ಪ ಹನ್ನೆರಡು ತಿಂಗಳ ಸಹಿಯನ್ನು ಒಮ್ಮೆಗೇ ಹಾಕುತ್ತಿದ್ದ. ಒಂದೇ ದಿನದವೆಂದು ಕಾಣಬಾರದಲ್ಲ. ನಾನು ಮೂರು ಕುಡಿಕೆಗಳಲ್ಲಿ ಶಾಯಿ ಕಲಸಿಕೊಡುತ್ತಿದ್ದೆ, ಒಂದು ದಟ್ಟ, ಒಂದು ತೆಳು, ಒಂದು ಬರೀ ನೀರುನೀರು. ಅಪ್ಪ ಲೇಖನಿಯ ಮುಳ್ಳು ಬದಲಿಸುತ್ತಿದ್ದ. ಒಂಬತ್ತು ವರ್ಷದ ನನಗೆ ಅದು ಹಬ್ಬದ ಬಣ್ಣ ಕಲಸಿದ ಹಾಗಿತ್ತು.

ಯುದ್ಧ ಶುರುವಾಗಿ ಜೋಳ ತುಟ್ಟಿಯಾದ ವರ್ಷ ಅಪ್ಪ ಮೊದಲು ಸಹಿಗೆ ಲೇಖನಿ ಮುಟ್ಟಲಿಲ್ಲ. ಅಣ್ಣ ಆದವಾನಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ. ತಿಂಗಳೊಳಗೆ ಫೀಜು ಕಟ್ಟದಿದ್ದರೆ ಹೆಸರು ತೆಗೆಯುತ್ತೇವೆಂದು ಕಾಗದ ಬಂದಿತ್ತು. ಬಾಕಿ ಕೊಟ್ಟರೆ ಸಹಿ ಎಂದು ಅಪ್ಪ ಸಾವ್ಕಾರರಿಗೆ ಹೇಳಿದ. ಅವರು ನಕ್ಕರಂತೆ. "ಸಹಿ ಇಲ್ಲಂದ್ರ ಗ್ರಾಂಟು ಬರಾದಿಲ್ಲ ಮಾಸ್ತರ್ರ. ನನಗ ಹತ್ತಿ ಐತಿ. ನಿಮಗೇನೈತ್ರಿ?" ಗ್ರಾಂಟು ಬಂದ ದಿನವೇ ಪೂರಾ ಬಾಕಿ ಕೊಡುವೆನೆಂದು ಮಾತನ್ನೂ ಕೊಟ್ಟರು. ಮನೆಗೆ ಬಂದು ಅಪ್ಪ ಹೈಸ್ಕೂಲಿನ ಕಾಗದವನ್ನು ಮತ್ತೊಮ್ಮೆ ಓದಿದ. "ಹಾಕಿಬಿಡ್ರಿ, ಹುಡುಗನ ಓದು ನಿಲ್ಲತೈತಿ," ಎಂದಳು ಅವ್ವ. ನಾನು ಶಾಯಿ ಕಲಸಿದೆ.

ಶಾಯಿ ಬದಲಿಸಿದ, ಮುಳ್ಳು ಬದಲಿಸಿದ ಅಪ್ಪನಿಗೆ ಅಕ್ಷರ ಕೆಡಿಸಲು ಮಾತ್ರ ಬರಲಿಲ್ಲ. ಹನ್ನೆರಡು ಸಹಿಗಳೂ ಅಚ್ಚು ಒತ್ತಿದಂತೆ ಒಂದೇ ಸಮ. ಮರುದಿನ ಶಾಲೆಯಲ್ಲಿ ಇನ್‌ಸ್ಪೆಕ್ಟರು ಅವುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಪಕ್ಕದಲ್ಲಿ ಕೂತಿದ್ದ ಸಾವ್ಕಾರರನ್ನು ನೋಡದೆ, ತಮ್ಮ ತೆಲುಗು ಬೆರೆತ ಮಾತಿನಲ್ಲಿ ಅಪ್ಪನನ್ನೇ ಕೇಳಿದರು: "ಏನಂಡಿ ಪಂತುಲುಗಾರು, ತಿಂಗಳಾ ತಿಂಗಳಾ ಪಗಾರ ಮುಟ್ಟತೈತಾ?"

ಎದುರಿಗೆ ಸಾಲಾಗಿ ಕೂತ ನಾವು ಮಕ್ಕಳೆಲ್ಲರ ತೊಡೆಯ ಮೇಲೆ ಹಲಗೆಗಳಿದ್ದವು, ಹಲಗೆಗಳ ಮೇಲೆ ಆ ಸಾಲಿತ್ತು. ಅಪ್ಪ ನಮ್ಮ ಕಡೆ ನೋಡಲಿಲ್ಲ.

"ಮುಟ್ಟತೈತ್ರಿ," ಎಂದ.

ನಾನು ಶಾಯಿ ಹತ್ತಿದ ಬೆರಳುಗಳನ್ನು ಲಂಗದೊಳಗೆ ಮುಚ್ಚಿಕೊಂಡೆ.

ಗ್ರಾಂಟು ಬಂತು. ಹತ್ತಿ ಬಿಡಿಸುವ ಕಾಲ. ಆ ಹಣ ಹತ್ತಿಯಾಗಿ ಗಾಡಿಗಳಲ್ಲಿ ಆದವಾನಿಗೆ ಹೋಯಿತು. ಅಣ್ಣನ ಹೆಸರು ತೆಗೆದರು. ಅವನು ಊರಿಗೆ ಬಂದು ಅದೇ ಸಾವ್ಕಾರರ ಅಂಗಡಿಯ ತಕ್ಕಡಿಯ ಮುಂದೆ ಕೂತ. ಅಪ್ಪ, ಅವ್ವ, ಅಣ್ಣ ಯಾರೂ ಈಗಿಲ್ಲ. ಆ ಮಾಳಿಗೆಯೂ ಇಲ್ಲ.

ತಪಾಸಣೆಯ ಮರುದಿನ ಅಪ್ಪ ಎಂದಿನಂತೆ ಬಿಸಿಲಕೋಲಿನಲ್ಲಿ ಕೂತು ಹಲಗೆಗಳನ್ನು ಒಂದೊಂದಾಗಿ ಒರೆಸಿದ. ಹೊಸ ಸಾಲು ಬರೆದ: 'ಆದವಾನಿ, ಕೌತಾಳಂ, ಪೆದ್ದಹರಿವಾಣಂ.' ಬರೀ ಊರ ಹೆಸರುಗಳು, ಅಷ್ಟೇ ದುಂಡಗೆ. ಅವನು ಶಾಲೆ ಬಿಡುವವರೆಗೂ ನಾವು ಅದನ್ನೇ ತಿದ್ದಿದೆವು.